ಬಜ್ಪೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು? ವಿಮಾನ ದೂರ ಲೆಕ್ಕಿಸುವ ಜಾಲತಾಣಗಳ ವಿಮರ್ಶೆ

ಎರಡು ವಿಮಾನ ನಿಲ್ದಾಣಗಳ ಹೆಸರು ಬರೆದು ಗುಂಡಿ ಒತ್ತಿದರೆ ಅವುಗಳ ನಡುವಿನ ದೂರವನ್ನೂ ಹಾರಾಟಕ್ಕೆ ಹಿಡಿಯುವ ಹೊತ್ತನ್ನೂ ಥಟ್ಟನೆ ತೋರಿಸುವ ಜಾಲತಾಣಗಳು ಇಂದು ಹೇರಳವಾಗಿವೆ. ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಮಕ್ಕಳು ಹೊರದೇಶದಲ್ಲಿರುವ ಮನೆಗಳು ಉಡುಪಿ, ಮಣಿಪಾಲ, ಮಂಗಳೂರುಗಳಲ್ಲಿ ಅಪರೂಪವೇನಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಂದಿರೂ ಉನ್ನತ ವ್ಯಾಸಂಗಕ್ಕೆ ಮೊದಲ ಬಾರಿ ವಿಮಾನ ಹತ್ತುವ ಹುಡುಗ ಹುಡುಗಿಯರೂ ಟಿಕೆಟಿನ ದರ ವಿಚಾರಿಸುವುದಕ್ಕೆ ಮೊದಲೇ ಇಂಥ ತಾಣಗಳಲ್ಲಿ ಗಂಟೆಯ ಲೆಕ್ಕ ನೋಡಿಕೊಳ್ಳುತ್ತಾರೆ. ಆ ಲೆಕ್ಕವನ್ನು ನಂಬಿ ರಜೆ ಹಾಕುವವರಿದ್ದಾರೆ, ಮಾತ್ರೆಗಳನ್ನು ಎಣಿಸಿ ಕೈಚೀಲದಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಆದ್ದರಿಂದ ಈ ಸೇವೆಯನ್ನು ನಮ್ಮ ಊರಿನ ಕಣ್ಣಿನಿಂದ ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಗತ್ಯವೆಂದು ನನಗೆ ಅನ್ನಿಸಿತು. ಪರೀಕ್ಷೆಗೆ ಆರಿಸಿಕೊಂಡದ್ದು ಬಜ್ಪೆಯಲ್ಲಿರುವ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಮತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಗಳನ್ನು. ಕರಾವಳಿಯ ಇಂಜಿನಿಯರುಗಳು ಹೆಚ್ಚಾಗಿ ನೆಲೆಸಿರುವ ಕಡೆ ಅದು, ಜೊತೆಗೆ ಭೂಗೋಳದ ಹೆಚ್ಚುಕಡಿಮೆ ಆಚೆ ಮಗ್ಗುಲು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ವಿಷಯದಲ್ಲಿ ಈ ತಾಣಗಳನ್ನು ಧೈರ್ಯವಾಗಿ ನಂಬಬಹುದು. ಹೊತ್ತಿನ ವಿಷಯದಲ್ಲಿ, ಬೆಂಗಳೂರು, ದೆಹಲಿ, ಮುಂಬೈಯವರ ಮಾತು ಏನೇ ಇರಲಿ, ಮಂಗಳೂರು ಮತ್ತು ಉಡುಪಿಯವರು ಅಲ್ಲಿ ಕಾಣುವ ಅಂಕಿಯನ್ನು ಬದಿಗಿಟ್ಟು ತಮ್ಮ ಲೆಕ್ಕವನ್ನು ತಾವೇ ಕೂಡಿಸಿಕೊಳ್ಳಬೇಕು.

ಹೆಸರು ತುಂಬಿಸುವಲ್ಲಿಯೇ ಮೊದಲ ಎಚ್ಚರಿಕೆ ಬೇಕಾಗುತ್ತದೆ. ಹಲವು ತಾಣಗಳು ನಮ್ಮ ಊರನ್ನು ಇನ್ನೂ ‘ಮ್ಯಾಂಗಲೋರ್’ ಎಂದೇ ಇಟ್ಟುಕೊಂಡಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿಯೂ ಮ್ಯಾಂಗಲೋರ್ ಎಂಬ ಊರಿದ್ದು, ಅದಕ್ಕೂ ಒಂದು ಸಣ್ಣ ವಿಮಾನ ನಿಲ್ದಾಣವಿದೆ. ಪಟ್ಟಿಯಲ್ಲಿ ಕಂಡ ಮೊದಲ ಹೆಸರನ್ನು ಒತ್ತಿದವರಿಗೆ ಬೇರೆ ಖಂಡದಿಂದ ಅಳೆದ ದೂರ ಸಿಗುವ ಸಂಭವವಿದೆ. ಇದಕ್ಕೆ ಸುಲಭವಾದ ಪರಿಹಾರವೆಂದರೆ ಟಿಕೆಟಿನ ಮೇಲೆ ಅಚ್ಚಾಗುವ ಮೂರಕ್ಷರದ ಸಂಕೇತವನ್ನು ಬಳಸುವುದು. ಮಂಗಳೂರಿಗೆ ಐ-ಎಕ್ಸ್-ಇ, ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್-ಎಫ್-ಓ. ಈ ಅಕ್ಷರಗಳು ಊರಿನ ಹೆಸರಿಗೆ ಹೊಂದುವುದಿಲ್ಲವೆಂದು ಗಾಬರಿಯಾಗಬೇಕಿಲ್ಲ. ಬೆಳಗಾವಿಗೆ ಐ-ಎಕ್ಸ್-ಜಿ ಇರುವಂತೆ ದೇಶದ ಅನೇಕ ನಿಲ್ದಾಣಗಳ ಸಂಕೇತ ಇದೇ ಎರಡು ಅಕ್ಷರಗಳಿಂದ ಆರಂಭವಾಗುತ್ತದೆ.

ಸಂಕೇತ ಸರಿಯಾಗಿದ್ದರೆ ಉತ್ತರ ಸುಮಾರು 14,110 ಕಿಲೋಮೀಟರ್ ಎಂದು ಬರುತ್ತದೆ. ಒಂದು ತಾಣ ಇದನ್ನೇ 8,770 ಮೈಲಿ ಎನ್ನುತ್ತದೆ, ಮತ್ತೊಂದು 7,620 ನಾಟಿಕಲ್ ಮೈಲಿ ಎನ್ನುತ್ತದೆ. ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್, ನಮಗೆ ಪರಿಚಿತವಾದ ಮೈಲಿ 1.609 ಕಿಲೋಮೀಟರ್. ಮಾನ ಯಾವುದೆಂದು ಕಣ್ಣಿಗೆ ಕಾಣುವಂತೆ ಬರೆಯದ ತಾಣಗಳಲ್ಲಿ ಎರಡು ‘ಮೈಲಿ’ಗಳ ನಡುವೆ ಸಾವಿರಕ್ಕೂ ಹೆಚ್ಚು ವ್ಯತ್ಯಾಸ ಕಂಡು ನೋಡುವವರು ಗೊಂದಲಕ್ಕೆ ಬೀಳುತ್ತಾರೆ. ಅದನ್ನು ಬಿಟ್ಟರೆ ತಾಣದಿಂದ ತಾಣಕ್ಕೆ ಕಾಣುವ ವ್ಯತ್ಯಾಸ ತೀರಾ ಚಿಕ್ಕದು, ಮತ್ತು ಅದಕ್ಕೆ ಕಾರಣವೂ ಇದೆ. ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ಪರಿಪೂರ್ಣ ಗೋಳವೆಂದು ಭಾವಿಸಿ ಲೆಕ್ಕ ಮಾಡುವ ತಾಣಗಳಿವೆ. ಸಮಭಾಜಕದಲ್ಲಿ ತ್ರಿಜ್ಯ 6,378, ಧ್ರುವದಲ್ಲಿ 6,357 ಎಂಬುದನ್ನು ಗಮನಕ್ಕೆ ತೆಗೆದುಕೊಂಡು ಚಪ್ಪಟೆಯಾದ ಗೋಳದ ಮೇಲೆ ಲೆಕ್ಕ ಮಾಡುವ ತಾಣಗಳೂ ಇವೆ. ಪ್ರಯಾಣಿಕರ ಮಟ್ಟಿಗೆ ಈ ಭೇದ ಲೆಕ್ಕಕ್ಕಿಲ್ಲ.

ದೂರಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಕೆಲವು ತಾಣಗಳು ಬಿಡಿಸಿ ತೋರಿಸುವ ದಾರಿ. ಅಮೆರಿಕವೆಂದರೆ ಪಶ್ಚಿಮಕ್ಕೆ, ಅರಬ್ಬಿ ಸಮುದ್ರ ದಾಟಿ, ಯುರೋಪು ದಾಟಿ, ಅಟ್ಲಾಂಟಿಕ್ ದಾಟಿ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. ‘ವಿಮಾನ ಯಾಕೆ ಉತ್ತರಕ್ಕೇ ಹೋಗುತ್ತಾ ಉಂಟು, ದಾರಿ ತಪ್ಪಿಲ್ಲವಷ್ಟೇ?’ ಎಂದು ಆಸನದ ಮುಂದಿನ ಪರದೆಯನ್ನು ನೋಡಿ ನನ್ನ ತಾಯಿ ಕೇಳಿದ್ದರು. ದಾರಿ ತಪ್ಪಿರಲಿಲ್ಲ. ಶಾಲೆಯ ಗ್ಲೋಬಿನ ಮೇಲೆ ಮಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಉತ್ತರದಿಂದ ಹದಿನೇಳು ಡಿಗ್ರಿಯಷ್ಟು ಮಾತ್ರ ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ದಖ್ಖನ್ ದಾಟಿ, ನೇಪಾಳದ ಪಶ್ಚಿಮ ಭಾಗದ ಮೇಲಿಂದ ಟಿಬೆಟ್ಟಿಗೆ ಹೋಗಿ, ಮಂಗೋಲಿಯಾದ ಪಶ್ಚಿಮ ಅಂಚನ್ನು ಹಾದು, ಸೈಬೀರಿಯಾದ ಉದ್ದಕ್ಕೂ ಸಾಗಿ, ಸುಮಾರು 73 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆರ್ಕ್ಟಿಕ್ ಸಾಗರದ ಮೇಲೆ ತನ್ನ ತುತ್ತತುದಿಯನ್ನು ಮುಟ್ಟಿ, ಅಲ್ಲಿಂದ ಅಲಾಸ್ಕಾದ ಮೂಲಕ ಕೆಳಗಿಳಿದು ಪೆಸಿಫಿಕ್ ಕರಾವಳಿಗುಂಟ ಕ್ಯಾಲಿಫೋರ್ನಿಯಾ ತಲುಪುತ್ತದೆ. ಅಟ್ಲಾಂಟಿಕ್ ಸಾಗರ ಈ ದಾರಿಯಲ್ಲಿ ಬರುವುದೇ ಇಲ್ಲ. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಡೆಯ ನಕ್ಷೆಯಲ್ಲಿ ಅದು ವಿಪರೀತ ಬಾಗಿದಂತೆ ಕಾಣುವುದು ದುಂಡಗಿನದನ್ನು ಚಪ್ಪಟೆ ಹಾಳೆಗೆ ಇಳಿಸಿದ ಕಾರಣದಿಂದ.

ಈ ವಿಷಯದಲ್ಲಿ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಹಳೆಯ ಉಚಿತ ತಾಣವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ನೋಟಕ್ಕೆ ತೀರಾ ಸರಳವಾದ ತಾಣ. ಅಲ್ಲಿ ಎರಡು ಸಂಕೇತಗಳ ನಡುವೆ ಒಂದು ಅಡ್ಡಗೆರೆ ಹಾಕಿ ಬರೆದರೆ ದೂರವೂ ದಾರಿಯೂ ಒಟ್ಟಿಗೆ ಬರುತ್ತವೆ. ಮೂರು ಸಂಕೇತಗಳನ್ನು ಹಾಗೆಯೇ ಸಾಲಾಗಿ ಬರೆದರೆ ನಡುವೆ ಇಳಿಯುವ ಊರಿನ ಲೆಕ್ಕವೂ ಸೇರಿ ಒಟ್ಟು ದೂರ ಸಿಗುತ್ತದೆ. ಹಲವು ದಾರಿಗಳ ನಡುವೆ ಅಲ್ಪವಿರಾಮ ಹಾಕಿ ಒಂದೇ ನಕ್ಷೆಯಲ್ಲಿ ಎಲ್ಲವನ್ನೂ ಹೋಲಿಸಿ ನೋಡಬಹುದು. ನಕ್ಷೆಯನ್ನು ಗ್ಲೋಬಿನ ರೂಪದಲ್ಲಿಯೂ ತೋರಿಸುವಂತೆ ಮಾಡಬಹುದಾದ್ದರಿಂದ ಮನೆಯ ಹಿರಿಯರಿಗೆ ದಾರಿಯನ್ನು ವಿವರಿಸುವುದು ಸುಲಭವಾಗುತ್ತದೆ. ಟಿಕೆಟ್ ಕೊಳ್ಳಿರೆಂದು ಒತ್ತಾಯಿಸುವುದಿಲ್ಲ. ತಿಳಿಯಬೇಕಾದ ಒಂದೇ ವಿಷಯವೆಂದರೆ ಅದು ಕೊಡುವುದು ರೇಖಾಗಣಿತದ ಉತ್ತರವನ್ನು. ಆ ಗೆರೆಯ ಮೇಲೆ ನಿಜವಾಗಿ ವಿಮಾನ ಹಾರುತ್ತದೆಯೇ ಎಂಬುದು ಬೇರೆಯ ಪ್ರಶ್ನೆ.

ಹಾರುವುದಿಲ್ಲ, ಅಥವಾ ಆ ಗೆರೆಯ ಮೇಲೆಯೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು 3,000 ಮೀಟರಿಗೆ ಇಳಿಯಬೇಕಾಗುತ್ತದೆ, ಆದರೆ ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಆದ್ದರಿಂದ ಆ ಭಾಗವನ್ನು ಬಹುತೇಕ ವಿಮಾನಗಳು ಸುತ್ತಿಯೇ ಹೋಗುತ್ತವೆ. ರಾಜಕಾರಣವೂ ದಾರಿಯನ್ನು ಉದ್ದ ಮಾಡುತ್ತದೆ. 2022ರಿಂದ ಅಮೆರಿಕದ ಕಂಪನಿಗಳ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದ ಮೇಲೆ ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಸುತ್ತುಹಾದಿ ಹಿಡಿದು, ನಡುವೆ ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂದುವರಿದವು. ಉತ್ತರದ ಈ ದಾರಿ ಎಷ್ಟು ನಿರ್ಜನವಾದದ್ದು ಎಂಬುದಕ್ಕೆ 2023ರ ಜೂನ್ 6ರ ಘಟನೆ ಸಾಕ್ಷಿ: ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನವು ಎಂಜಿನ್ನಿನ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್ ಎಂಬಲ್ಲಿ ಇಳಿಯಬೇಕಾಯಿತು. ಅದಕ್ಕೂ ಮೊದಲು, 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ನೇರವಾಗಿ ಬಂದಿಳಿದಿದ್ದರು. ಸುಮಾರು 14,000 ಕಿಲೋಮೀಟರಿನ ಆ ಹಾರಾಟಕ್ಕೆ 17 ಗಂಟೆಗಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ನಾನು ನೋಡಿದ ತಾಣಗಳಲ್ಲಿ ಹೆಚ್ಚಿನವು ಮಾಡುವುದು ಇಷ್ಟೇ: ದೂರವನ್ನು ಒಂದು ನಿಗದಿತ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುತ್ತವೆ. ಗಂಟೆಗೆ 900 ಕಿಲೋಮೀಟರ್ ಎಂದು ಹಿಡಿದರೆ ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 16 ಗಂಟೆ 11 ನಿಮಿಷ ಬರುತ್ತದೆ. ವೇಗವನ್ನು 800 ಎಂದು ಇಟ್ಟುಕೊಂಡ ತಾಣದಲ್ಲಿ ಅದೇ ಹಾರಾಟ 18 ಗಂಟೆ ದಾಟುತ್ತದೆ. ಎರಡು ತಾಣಗಳ ನಡುವೆ ಎರಡು ಗಂಟೆ ವ್ಯತ್ಯಾಸವಿದ್ದರೂ ಎರಡೂ ನಿಮಿಷದವರೆಗೆ ನಿಖರವಾಗಿ ಬರೆಯುತ್ತವೆ. ಈ ‘11 ನಿಮಿಷ’ ಎಂಬ ನಿಖರತೆಯೇ ಜನರನ್ನು ದಾರಿ ತಪ್ಪಿಸುವುದು. ಅದನ್ನು ಕಂಡವರು ಯಾರೋ ವೇಳಾಪಟ್ಟಿ ನೋಡಿಯೇ ಬರೆದಿರಬೇಕೆಂದು ಭಾವಿಸುತ್ತಾರೆ.

ನಮಗೆ ಗೊತ್ತಿರುವ ಹಾರಾಟಗಳ ಮೇಲೆ ಇದೇ ಸೂತ್ರವನ್ನು ಹಾಕಿ ನೋಡಿದರೆ ಅದರ ಮಿತಿ ತಿಳಿಯುತ್ತದೆ. ಬಜ್ಪೆಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಗೆರೆ ಎಳೆದ ದೂರ 306 ಕಿಲೋಮೀಟರ್. ಸೂತ್ರದ ಪ್ರಕಾರ ಐವತ್ತು ನಿಮಿಷ. ಆದರೆ ಇಷ್ಟು ಸಮೀಪದ ಹಾರಾಟದಲ್ಲಿ ವಿಮಾನ ಪೂರ್ಣ ವೇಗದಲ್ಲಿ ಸಾಗುವ ಹೊತ್ತು ಬಹಳ ಕಡಿಮೆ, ಏರುವುದರಲ್ಲಿ ಮತ್ತು ಇಳಿಯುವುದರಲ್ಲಿಯೇ ಮುಕ್ಕಾಲು ಪಾಲು ಮುಗಿದುಹೋಗುತ್ತದೆ. ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ವಿಮಾನವಾದರೆ ಅದರ ವೇಗವೇ ಗಂಟೆಗೆ 500 ಕಿಲೋಮೀಟರಿನ ಆಸುಪಾಸು. ವೇಳಾಪಟ್ಟಿಯಲ್ಲಿ ಒಂದು ಗಂಟೆಯೋ ಇನ್ನೂ ಸ್ವಲ್ಪ ಹೆಚ್ಚೋ ಇರುತ್ತದೆ, ಏಕೆಂದರೆ ಕಂಪನಿಗಳು ವಿಮಾನ ತನ್ನ ಜಾಗ ಬಿಟ್ಟು ಕದಲಿದ ಕ್ಷಣದಿಂದ ಮತ್ತೊಂದು ಕಡೆ ಬಂದು ನಿಲ್ಲುವವರೆಗಿನ ಹೊತ್ತನ್ನು ಲೆಕ್ಕ ಹಿಡಿಯುತ್ತವೆ. ದುಬೈಗೆ 2,460 ಕಿಲೋಮೀಟರ್, ಸೂತ್ರದ ಪ್ರಕಾರ 3 ಗಂಟೆ 14 ನಿಮಿಷ. ಹೋಗುವಾಗ ವೇಳಾಪಟ್ಟಿಯಲ್ಲಿ ನಾಲ್ಕು ಗಂಟೆಗೆ ಹತ್ತಿರ ಇರುತ್ತದೆ, ಬರುವಾಗ ಮೂರೂವರೆ ಗಂಟೆಯ ಆಸುಪಾಸು. ಒಂದೇ ದೂರಕ್ಕೆ ಎರಡು ದಿಕ್ಕಿನಲ್ಲಿ ಎರಡು ಹೊತ್ತು ಬರುವುದು ಮೇಲ್ಗಾಳಿಯಿಂದ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಅರೇಬಿಯಾದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ, ಬರುವ ವಿಮಾನವನ್ನು ಅದು ಹಿಂದಿನಿಂದ ನೂಕುತ್ತದೆ. ಮಳೆಗಾಲದಲ್ಲಿ ನಮ್ಮ ಅಕ್ಷಾಂಶದ ಮೇಲೆ ಚಿತ್ರ ಬದಲಾಗುತ್ತದೆ. ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1950ರ ದಶಕದಲ್ಲಿ ವಿವರಿಸಿದ ಉಷ್ಣವಲಯದ ಪೂರ್ವಮಾರುತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಕೆಳಗೆ ನೈಋತ್ಯ ಮಾರುತ ಮಳೆ ತರುತ್ತಿರುವಾಗ ಮೇಲೆ ಅದಕ್ಕೆ ಹೆಚ್ಚುಕಡಿಮೆ ಎದುರು ದಿಕ್ಕಿನ ಗಾಳಿ ಇರುವುದು ನಮ್ಮ ಕರಾವಳಿಯ ಆಕಾಶದ ವಿಶೇಷ. ಇಂಥ ಯಾವ ವಿಷಯಕ್ಕೂ ಆ ಸೂತ್ರದಲ್ಲಿ ಜಾಗವಿಲ್ಲ.

ಆದರೂ ಇವೆಲ್ಲ ಅರ್ಧ ಗಂಟೆ, ಒಂದು ಗಂಟೆಯ ತಪ್ಪುಗಳು. ನಿಜವಾದ ಕೊರತೆ ಬೇರೆಡೆ ಇದೆ. ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 16 ಗಂಟೆ 11 ನಿಮಿಷ ಎಂದು ತೋರಿಸುವ ತಾಣ, ಅಂಥ ನೇರ ವಿಮಾನವೇ ಇಲ್ಲ ಎಂಬುದನ್ನು ಎಲ್ಲಿಯೂ ಹೇಳುವುದಿಲ್ಲ. ಒಂದು ತಾಣವಂತೂ ಆ ಅಂಕಿಯ ಕೆಳಗೇ ಟಿಕೆಟ್ ದರ ನೋಡಿರೆಂಬ ದೊಡ್ಡ ಗುಂಡಿಯನ್ನು ಇಟ್ಟಿತ್ತು. ಒತ್ತಿದರೆ ತೆರೆದುಕೊಂಡ ಪಟ್ಟಿಯಲ್ಲಿ ಎರಡು ಕಡೆ ಇಳಿದು ಹತ್ತುವ, ಮೂವತ್ತು ಗಂಟೆ ದಾಟಿದ ಪ್ರಯಾಣಗಳೇ ಇದ್ದವು. ಗಣಿತದ ಉತ್ತರವನ್ನು ಪ್ರಯಾಣದ ಉತ್ತರವೆಂಬಂತೆ ತೋರಿಸುವುದನ್ನು ನಾನು ಈ ಸೇವೆಯ ದೊಡ್ಡ ದೋಷವೆಂದು ಪರಿಗಣಿಸುತ್ತೇನೆ. ‘ಈ ಎರಡು ನಿಲ್ದಾಣಗಳ ನಡುವೆ ನೇರ ಹಾರಾಟವಿಲ್ಲ’ ಎಂಬ ಒಂದು ಸಾಲು ಸೇರಿಸಿದ್ದರೆ ಎಷ್ಟೋ ಹಿರಿಯರ ಗೊಂದಲ ತಪ್ಪುತ್ತಿತ್ತು.

ಬಜ್ಪೆಯಿಂದ ಅಷ್ಟು ದೂರದ ವಿಮಾನ ಏಕೆ ಇಲ್ಲ ಎಂಬುದು ಇಲ್ಲಿಯ ನೆಲ ನೋಡಿದವರಿಗೆ ಗೊತ್ತು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಬಂದಿಳಿದು ಉದ್ಘಾಟಿಸಿದ ಈ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಹಳೆಯ ರನ್‌ವೇ 1,615 ಮೀಟರ್ ಉದ್ದದ್ದು. 2006ರಲ್ಲಿ ಬಳಕೆಗೆ ಬಂದ ಹೊಸ ರನ್‌ವೇ 2,450 ಮೀಟರ್. ಎರಡು ತುದಿಗಳಲ್ಲೂ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಣಿವೆಗೆ ಬಿದ್ದು 158 ಮಂದಿ ಪ್ರಾಣ ಕಳೆದುಕೊಂಡ ದುಃಖವನ್ನು ಈ ಜಿಲ್ಲೆಗಳು ಮರೆತಿಲ್ಲ. ಬದುಕಿ ಬಂದವರು ಎಂಟು ಮಂದಿ ಮಾತ್ರ. ಹದಿನಾರು ಗಂಟೆಯ ಹಾರಾಟಕ್ಕೆ ಬೇಕಾದ ಇಂಧನ ಹೊತ್ತ ದೊಡ್ಡ ವಿಮಾನ ಏರಲು ಇದಕ್ಕಿಂತ ಬಹಳ ಉದ್ದದ ರನ್‌ವೇ ಬೇಕು. ಬೆಂಗಳೂರಿನ ಎರಡೂ ರನ್‌ವೇಗಳು 4,000 ಮೀಟರ್ ಉದ್ದವಿವೆ. ಆದ್ದರಿಂದ ಇಲ್ಲಿಂದ ಏರುವುದು ಒಂದೇ ಓಣಿಯ ಬೋಯಿಂಗ್ 737, ಏರ್‌ಬಸ್ 320 ಮತ್ತು ಎಟಿಆರ್ ವರ್ಗದ ವಿಮಾನಗಳು. ಇಲ್ಲಿಂದ ನೇರವಾಗಿ ಹೋಗಬಹುದಾದ ಹೊರದೇಶವೆಂದರೆ ಕೊಲ್ಲಿಯ ಊರುಗಳು. ಅದರಾಚೆಗಿನ ಪ್ರತಿಯೊಂದು ಪ್ರಯಾಣದಲ್ಲೂ ಕನಿಷ್ಠ ಒಂದು ಕಡೆ ಇಳಿದು ಹತ್ತಲೇಬೇಕು.

ಹಾಗಾದರೆ ಎಲ್ಲಿ ಇಳಿದು ಹತ್ತುವುದು ಒಳ್ಳೆಯದು? ಇಲ್ಲಿ ದೂರದ ತಾಣ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಮತ್ತು ಉತ್ತರ ಅನೇಕರಿಗೆ ಅನಿರೀಕ್ಷಿತವಾಗಿರುತ್ತದೆ. ದೆಹಲಿಯ ಮೂಲಕ ಹೋದರೆ 1,750 ಮತ್ತು 12,380 ಸೇರಿ 14,130 ಕಿಲೋಮೀಟರ್, ಎಂದರೆ ನೇರ ಗೆರೆಗಿಂತ ಹೆಚ್ಚಾಗುವುದು ಇಪ್ಪತ್ತೇ ಕಿಲೋಮೀಟರ್. ಉಡುಪಿಯಿಂದ ಬಜ್ಪೆಗೆ ರಸ್ತೆಯಲ್ಲಿ ಹೋಗುವ ದೂರಕ್ಕಿಂತಲೂ ಅದು ಕಡಿಮೆ. ದಾರಿ ಉತ್ತರಕ್ಕೇ ಇರುವುದರಿಂದ ದೆಹಲಿ ಸುತ್ತು ಆಗುವುದೇ ಇಲ್ಲ. ಮುಂಬೈ ಮೂಲಕ 715 ಮತ್ತು 13,510, ಒಟ್ಟು 14,225. ಬೆಂಗಳೂರಿನ ಮೂಲಕ 306 ಮತ್ತು 13,990, ಒಟ್ಟು ಸುಮಾರು 14,295. ದುಬೈ ಮೂಲಕ 2,460 ಮತ್ತು 13,020, ಒಟ್ಟು 15,480. ಇದೊಂದೇ ನಿಜವಾದ ಸುತ್ತು, ಆದರೆ ಹೆಚ್ಚಾಗುವ 1,370 ಕಿಲೋಮೀಟರನ್ನು ದಾಟಲು ಒಂದೂವರೆ ಗಂಟೆ ಸಾಕು. ಹೀಗೆ ನಾಲ್ಕು ದಾರಿಗಳ ನಡುವಿನ ದೂರದ ಅಂತರ ಒಂದೂವರೆ ಗಂಟೆಯನ್ನು ಮೀರದಿರುವಾಗ, ಎರಡು ವಿಮಾನಗಳ ನಡುವೆ ಕಾಯುವ ಹೊತ್ತು ಎರಡು ಗಂಟೆಯಿಂದ ಹದಿನಾಲ್ಕು ಗಂಟೆಯವರೆಗೂ ಹೋಗಬಹುದು. ಪ್ರಯಾಣದ ಹೊತ್ತನ್ನು ತೀರ್ಮಾನಿಸುವುದು ಕಾಯುವಿಕೆಯೇ ಹೊರತು ಕಿಲೋಮೀಟರ್ ಅಲ್ಲ. ನೇರ ಗೆರೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಯಾವ ಊರನ್ನೂ ಆರಿಸಿಕೊಳ್ಳಬಾರದು. ಮುಂದಿನ ವಿಮಾನ ಎಷ್ಟು ಹೊತ್ತಿಗೆ, ಯಾವ ಟರ್ಮಿನಲ್ಲಿನಿಂದ ಎಂಬುದನ್ನು ನೋಡಿಯೇ ಆರಿಸಬೇಕು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿನಿಂದ ಹೊರಡುತ್ತಿವೆ. ಮಂಗಳೂರಿನಿಂದ ಹೋದ ವಿಮಾನ ಒಂದನೇ ಟರ್ಮಿನಲ್ಲಿಗೆ ಬಂದಿಳಿದರೆ ಹೊರಗೆ ಬಂದು, ಬಸ್ಸು ಹಿಡಿದು, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲಬೇಕು. ಕಂಪನಿಗಳ ವೇಳಾಪಟ್ಟಿ ಮಾರ್ಚ್ ಕೊನೆಯ ಮತ್ತು ಅಕ್ಟೋಬರ್ ಕೊನೆಯ ಭಾನುವಾರಗಳಂದು ಬದಲಾಗುವುದರಿಂದ ಕಳೆದ ಸಲ ನೆರೆಮನೆಯವರು ಹೋದ ವಿಮಾನ ಈ ಸಲ ಇರುತ್ತದೆ ಎಂಬ ಭರವಸೆಯೂ ಇಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೊತ್ತು ಉಳಿಸುವ ಆಸೆಯಿಂದ ಮಂಗಳೂರು–ದುಬೈ ಒಂದು ಟಿಕೆಟ್, ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಬೇರೆ ಟಿಕೆಟ್ ಎಂದು ಮಾಡಿಕೊಳ್ಳುವವರಿದ್ದಾರೆ, ಮಾಡಿಸಿಕೊಡುವ ಏಜೆಂಟರೂ ಇದ್ದಾರೆ. ನಮ್ಮ ಸಂಬಂಧಿಕರೊಬ್ಬರಿಗೆ ಒಬ್ಬ ಏಜೆಂಟರು ಹೀಗೆಯೇ ಸೂಚಿಸಿ, ‘ಮಧ್ಯೆ ಮೂರು ಗಂಟೆ ಉಂಟಲ್ಲ, ಬೇಕಾದಷ್ಟಾಯಿತು’ ಎಂದಿದ್ದರು. ಕಾಗದದ ಮೇಲೆ ಅದು ಎಲ್ಲಕ್ಕಿಂತ ಕಡಿಮೆ ಹೊತ್ತಿನ ಪ್ರಯಾಣವಾಗಿಯೇ ಕಾಣುತ್ತಿತ್ತು. ಆದರೆ ಬೇರೆ ಬೇರೆ ಟಿಕೆಟುಗಳಾದರೆ ಸಾಮಾನ್ಯವಾಗಿ ಲಗೇಜು ಕೊನೆಯ ಊರಿನವರೆಗೆ ತಾನಾಗಿ ಹೋಗುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಇಮಿಗ್ರೇಶನ್ ದಾಟಿ ಹೊರಗೆ ಬರಬೇಕು, ಅದಕ್ಕೆ ಆ ದೇಶದ ವೀಸಾ ಬೇಕು, ಮತ್ತೆ ಚೆಕ್-ಇನ್ ಮಾಡಿಸಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಯಾವ ಹೊಣೆಯೂ ಇರುವುದಿಲ್ಲ. ಒಂದೇ ಟಿಕೆಟಿನಲ್ಲಿ ಎರಡು ಗಂಟೆ ಹೆಚ್ಚು ಕಾಯುವುದು ಹಿರಿಯರಿಗೆ ಸಾವಿರ ಪಾಲು ಮೇಲು.

ನೆಲದ ಮೇಲಿನ ಹೊತ್ತನ್ನು ಯಾವ ತಾಣವೂ ಲೆಕ್ಕ ಹಾಕಿಕೊಡುವುದಿಲ್ಲ, ಆದರೆ ಉಡುಪಿಯವರ ಪ್ರಯಾಣ ಶುರುವಾಗುವುದು ಅಲ್ಲಿಂದಲೇ. ಉಡುಪಿಯಿಂದ ಬಜ್ಪೆಗೆ ಗೆರೆ ಎಳೆದರೆ 45 ಕಿಲೋಮೀಟರ್; ಪಡುಬಿದ್ರಿ, ಮುಲ್ಕಿ, ಸುರತ್ಕಲ್ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗಿ ಒಳಗೆ ತಿರುಗಿದರೆ ಅದು ಅರವತ್ತಕ್ಕೆ ಹತ್ತಿರವಾಗುತ್ತದೆ. ಒಂದೂವರೆ ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಮಳೆಗಾಲದಲ್ಲಿ ಗುಡ್ಡದ ಮೇಲೆ ಮಂಜು ಮುಸುಕಿ ರನ್‌ವೇ ಕಾಣದೆ ವಿಮಾನಗಳು ಬೆಂಗಳೂರಿಗೋ ಕೇರಳದ ಕಣ್ಣೂರು, ಕೊಚ್ಚಿಗಳಿಗೋ ತಿರುಗಿ ಹೋಗುವುದುಂಟು. ಆದ್ದರಿಂದ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎರಡು ವಿಮಾನಗಳ ನಡುವೆ ಎರಡು ಗಂಟೆಯ ಅಂತರವನ್ನು ನಂಬುವುದು ಬೇಡ. ಐದಾರು ಗಂಟೆಯಾದರೂ ಇರಲಿ. ವಿಮಾನವೇ ಬೇಡ, ರಾತ್ರಿ ಬಸ್ಸಿನಲ್ಲಿ ಬೆಂಗಳೂರು ಸೇರಿ ಅಲ್ಲಿಂದ ಹತ್ತುತ್ತೇವೆ ಎನ್ನುವವರೂ ಶಿರಾಡಿ ಘಾಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿದು ಆ ಹೆದ್ದಾರಿಯಲ್ಲಿ ಸಂಚಾರ ನಿಂತುಹೋದದ್ದು ನೆನಪಿರಲಿ. ಬಸ್ಸು ಊರು ಸೇರಿದ ಮೇಲೂ ದೇವನಹಳ್ಳಿಯವರೆಗೆ ನಗರವನ್ನು ದಾಟಬೇಕಾದ ಹೊತ್ತು ಬೇರೆ. ಒಂದು ದಿನ ಮೊದಲೇ ಹೋಗಿ ಬೆಂಗಳೂರಿನಲ್ಲಿ ಉಳಿಯಲು ಅನುಕೂಲವಿದ್ದವರಿಗೆ ಮಾತ್ರ ಮಳೆಗಾಲದಲ್ಲಿ ಆ ದಾರಿಯನ್ನು ನಾನು ಸೂಚಿಸುತ್ತೇನೆ.

ಒಂದು ಮಾದರಿ ಲೆಕ್ಕ ಹೀಗಿರುತ್ತದೆ. ಉಡುಪಿಯ ಮನೆಯಿಂದ ಬಜ್ಪೆಗೆ ಒಂದೂವರೆ ಗಂಟೆ, ಅಲ್ಲಿ ವಿಮಾನ ಹೊರಡುವವರೆಗೆ ಎರಡು ಗಂಟೆ, ನೇರ ವಿಮಾನ ಸಿಕ್ಕರೆ ದೆಹಲಿಗೆ ಹೆಚ್ಚುಕಡಿಮೆ ಮೂರು ಗಂಟೆ, ದೆಹಲಿಯಲ್ಲಿ ನಾಲ್ಕು ಗಂಟೆ, ಮುಂದಿನ ಹಾರಾಟ ಹದಿನಾರು ಗಂಟೆ, ಇಳಿದ ಮೇಲೆ ಇಮಿಗ್ರೇಶನ್ ಮತ್ತು ಲಗೇಜಿಗೆ ಒಂದೂವರೆ ಗಂಟೆ. ಒಟ್ಟು ಇಪ್ಪತ್ತೆಂಟು ಗಂಟೆ. ಇದು ಎಲ್ಲವೂ ಸುಸೂತ್ರವಾಗಿ ನಡೆದಾಗಿನ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಈ ಇಪ್ಪತ್ತೆಂಟಕ್ಕೆ ಇನ್ನೂ ಒಂದು ದಿನ ಸೇರಿಸಿ ಮಾತ್ರೆಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಬೇಡ. ಹದಿನಾರು ಗಂಟೆ ಎಂದು ನಂಬಿ ಹೊರಟವರು ತೊಂದರೆಗೆ ಸಿಲುಕುವುದು ಇಲ್ಲಿಯೇ.

ಕೊನೆಯದಾಗಿ ಗಡಿಯಾರದ ವಿಷಯ. ಹೆಚ್ಚಿನ ತಾಣಗಳು ಎರಡು ಊರುಗಳ ಸಮಯದ ಅಂತರವನ್ನೂ ತೋರಿಸುತ್ತವೆ, ಆದರೆ ಅದು ವರ್ಷವಿಡೀ ಒಂದೇ ಅಲ್ಲ ಎಂಬುದನ್ನು ಎಲ್ಲ ತಾಣಗಳೂ ತಿಳಿಸುವುದಿಲ್ಲ. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆ ಅವಧಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಉಳಿದ ದಿನಗಳಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಚಳಿಗಾಲದ ಒಂದು ಭಾನುವಾರ ಮುಂಜಾನೆ ನಾಲ್ಕಕ್ಕೆ ದೆಹಲಿಯಿಂದ ಹೊರಟು ಹದಿನಾರು ಗಂಟೆ ಹಾರಿದವರು ಅದೇ ಭಾನುವಾರ ಬೆಳಗ್ಗೆ ಆರೂವರೆಗೆ ಅಲ್ಲಿ ಇಳಿಯುತ್ತಾರೆ. ಬರುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಧ್ರುವದ ಮೇಲಿಂದ ಬಂದ 2021ರ ಆ ವಿಮಾನ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಬೆಂಗಳೂರು ತಲುಪಿದ್ದು 11ರ ಮುಂಜಾನೆ. ಭಾನುವಾರ ರಾತ್ರಿ ಎಂಟಕ್ಕೆ ಅಲ್ಲಿಂದ ಹೊರಟವರು ಹದಿನಾರು ಗಂಟೆ ಹಾರಿ ಇಲ್ಲಿ ಇಳಿಯುವಾಗ ಮಂಗಳವಾರ ಬೆಳಗಿನ ಜಾವ ಒಂದೂವರೆ ಆಗಿರುತ್ತದೆ, ಸೋಮವಾರ ಪೂರ್ತಿ ಆಕಾಶದಲ್ಲೇ ಕಳೆದಿರುತ್ತದೆ. ಟಿಕೆಟಿನಲ್ಲಿ ತಲುಪುವ ಗಂಟೆಯ ಪಕ್ಕದಲ್ಲಿ ಸಣ್ಣದಾಗಿ ಕೂಡುವ ಚಿಹ್ನೆ ಹಾಕಿ 1 ಅಥವಾ 2 ಎಂದು ಬರೆದಿರುವುದು ಇದನ್ನೇ. ಬಜ್ಪೆಗೆ ಕರೆಯಲು ಬರಬೇಕಾದ ಕಾರಿನವರಿಗೆ ದಿನ ಹೇಳುವಾಗ ಹೊರಡುವ ತಾರೀಕಿಗೆ ಒಂದು ದಿನ ಕೂಡಿಸಿ ಹೇಳಬೇಡಿ. ಮಂಗಳೂರಿಗೆ ಬರುವ ಕೊನೆಯ ವಿಮಾನದ ಬೋರ್ಡಿಂಗ್ ಪಾಸಿನಲ್ಲಿರುವ ತಾರೀಕನ್ನು ನೋಡಿ, ಅದರ ಸಂಖ್ಯೆಯನ್ನೂ ಇಳಿಯುವ ಗಂಟೆಯನ್ನೂ ವಾಟ್ಸ್ಆ್ಯಪ್‌ನಲ್ಲಿ ಅವರಿಗೆ ಕಳುಹಿಸಿಬಿಡಿ.